ಒಂದೇ ಸ್ಕ್ಯಾನ್, ಐದು ವರದಿ: ಮೇದೋಜೀರಕದ ಉರಿಯೂತಕ್ಕೆ ಏಕರೂಪದ ಭಾಷೆ ಏಕೆ ಬೇಕಾಯಿತು?

ನೆದರ್ಲೆಂಡ್ಸ್‌ನ ವೈದ್ಯರ ತಂಡವೊಂದು 2006ರಲ್ಲಿ ಒಂದು ಸರಳ ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸಿತು. ಪರೀಕ್ಷೆಗೆ ಒಳಗಾದವರು ರೋಗಿಗಳಲ್ಲ, ತಜ್ಞ ವೈದ್ಯರು. ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತಕ್ಕೆ ತುತ್ತಾಗಿ, ಅಂಗಾಂಶವೇ ಸತ್ತುಹೋಗಿದ್ದ ರೋಗಿಗಳ 70 ಸಿ.ಟಿ. ಸ್ಕ್ಯಾನ್‌ಗಳನ್ನು ಐವರು ರೇಡಿಯಾಲಜಿಸ್ಟ್‌ಗಳ, ಅಂದರೆ ಕ್ಷಕಿರಣ ತಜ್ಞರ ಮುಂದೆ ಇರಿಸಲಾಯಿತು. ಆಗ ಜಗತ್ತಿನೆಲ್ಲೆಡೆ ಬಳಕೆಯಲ್ಲಿದ್ದ ಪಾರಿಭಾಷಿಕ ಪದಗಳ ಪೈಕಿ ಯಾವುದು ಯಾವ ಚಿತ್ರಕ್ಕೆ ಹೊಂದುತ್ತದೆ ಎಂಬುದನ್ನು ಪ್ರತಿಯೊಬ್ಬರೂ ಪ್ರತ್ಯೇಕವಾಗಿ ಗುರುತಿಸಬೇಕಿತ್ತು. ಐವರೂ ಒಂದೇ ಪದವನ್ನು ಆರಿಸಿದ್ದು ಎಷ್ಟು ಚಿತ್ರಗಳಿಗೆ? 70ರಲ್ಲಿ ಕೇವಲ 3ಕ್ಕೆ.

ಉಳಿದ 67 ಪ್ರಕರಣಗಳಲ್ಲಿ ರೋಗಿಗೆ ಯಾವ ವರದಿ ಕೈಸೇರುತ್ತಿತ್ತು ಎಂಬುದು ಅಂದು ಕಂಪ್ಯೂಟರ್ ಮುಂದೆ ಯಾರು ಕುಳಿತಿದ್ದರು ಎಂಬುದನ್ನು ಅವಲಂಬಿಸಿತ್ತು. ಆ ವರದಿಯಲ್ಲಿನ ಒಂದು ಪದವನ್ನು ಓದಿ ಶಸ್ತ್ರವೈದ್ಯರು ಹೊಟ್ಟೆ ತೆರೆಯಬೇಕೆ, ನಳಿಕೆ ಹಾಕಬೇಕೆ, ಸುಮ್ಮನೆ ಕಾಯಬೇಕೆ ಎಂದು ತೀರ್ಮಾನಿಸುವ ಕಾಯಿಲೆಯಿದು ಎಂಬುದನ್ನು ನೆನೆದರೆ ಈ ಅಂಕಿ ಎಷ್ಟು ಗಂಭೀರವಾದುದು ಎಂಬುದು ಮನದಟ್ಟಾಗುತ್ತದೆ.

ಅದೇ ದೇಶದ ಸಂಶೋಧಕರು ಎರಡು ವರ್ಷಗಳ ನಂತರ, 2008ರಲ್ಲಿ, ಪ್ರಶ್ನೆಯನ್ನು ಬದಲಿಸಿ ಕೇಳಿದರು. ರೋಗಕ್ಕೆ ಹೆಸರಿಡಿ ಎನ್ನುವ ಬದಲು ಕಂಡದ್ದನ್ನು ಹೇಳಿ ಎಂದರು. ಶೇಖರವಾದ ದ್ರವದ ಸುತ್ತ ಗೋಡೆ ಇದೆಯೆ? ಒಳಗೆ ಗಾಳಿಯ ಗುಳ್ಳೆಗಳಿವೆಯೆ? ಒಳಗಿರುವುದು ಒಂದೇ ಬಗೆಯ ದ್ರವವೆ, ಅಥವಾ ಮಿಶ್ರಣವೆ? ಈ ಪ್ರಶ್ನೆಗಳಿಗೆ ಬಂದ ಉತ್ತರಗಳಲ್ಲಿ ತಜ್ಞರ ನಡುವೆ ಉತ್ತಮ ಹೊಂದಾಣಿಕೆ ಕಂಡುಬಂತು. ಎಲ್ಲರೂ ನೋಡುತ್ತಿದ್ದದ್ದು ಒಂದನ್ನೇ. ಅದಕ್ಕೆ ಕೊಡುತ್ತಿದ್ದ ಹೆಸರುಗಳಲ್ಲಿ ಮಾತ್ರ ಗೊಂದಲವಿತ್ತು. ಇಂದು ವರದಿಗಳಿಗೆ ಏಕರೂಪ ತರಬೇಕೆಂದು ನಡೆಯುತ್ತಿರುವ ಪ್ರಯತ್ನಗಳ ಬೇರು ಇಲ್ಲಿದೆ.

ಕಾಯಿಲೆ ಎಂಥದು?

ಜಠರದ ಹಿಂಬದಿಯಲ್ಲಿ, ಬೆನ್ನುಮೂಳೆಗೆ ಅಡ್ಡಲಾಗಿ ಮಲಗಿರುವ ಸುಮಾರು 15 ಸೆಂ.ಮೀ. ಉದ್ದದ ಅಂಗ ಮೇದೋಜೀರಕ ಗ್ರಂಥಿ. ಇನ್ಸುಲಿನ್ ತಯಾರಿಸುವುದು ಇದೇ. ಕೊಬ್ಬು ಹಾಗೂ ಪ್ರೋಟೀನನ್ನು ಕರಗಿಸುವ ಕಿಣ್ವಗಳನ್ನು ಕರುಳಿಗೆ ಒದಗಿಸುವುದೂ ಇದೇ. ಈ ಕಿಣ್ವಗಳು ಗ್ರಂಥಿಯೊಳಗೆ ಇರುವಾಗ ನಿಷ್ಕ್ರಿಯವಾಗಿರುತ್ತವೆ, ಕರುಳನ್ನು ತಲುಪಿದ ಮೇಲಷ್ಟೇ ಚುರುಕಾಗುತ್ತವೆ. ಯಾವುದೋ ಕಾರಣದಿಂದ ಗ್ರಂಥಿಯೊಳಗೇ ಅವು ಎಚ್ಚೆತ್ತುಕೊಂಡರೆ ತಮ್ಮನ್ನು ಹೆತ್ತ ಅಂಗವನ್ನೇ ಜೀರ್ಣಿಸತೊಡಗುತ್ತವೆ. ಇದೇ ತೀವ್ರ ಪ್ಯಾಂಕ್ರಿಯಾಟೈಟಿಸ್.

ಪಿತ್ತಕೋಶದ ಕಲ್ಲು ಜಾರಿ ಬಂದು ನಾಳವನ್ನು ಮುಚ್ಚುವುದು ಹಾಗೂ ಮದ್ಯಪಾನ ಇದರ ಎರಡು ಮುಖ್ಯ ಕಾರಣಗಳು. ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬಿನ ಅಂಶ ವಿಪರೀತ ಏರಿದಾಗ, ಕ್ಯಾಲ್ಸಿಯಂ ಹೆಚ್ಚಾದಾಗ, ಕೆಲವು ಔಷಧಗಳಿಂದ, ಹೊಟ್ಟೆಗೆ ಬಿದ್ದ ಪೆಟ್ಟಿನಿಂದ ಕೂಡ ಬರಬಹುದು. ಮೇಲ್ಹೊಟ್ಟೆಯಲ್ಲಿ ಕಾಣಿಸಿಕೊಂಡು ಬೆನ್ನಿಗೆ ಹರಿಯುವ ಅಸಹನೀಯ ನೋವು ಇದರ ಮೊದಲ ಲಕ್ಷಣ. ಗ್ಯಾಸ್ಟ್ರಿಕ್ ಎಂದುಕೊಂಡು ಗುಳಿಗೆ ನುಂಗಿ ಮಲಗಿದವರು ಮರುದಿನ ತುರ್ತು ಚಿಕಿತ್ಸಾ ಘಟಕ ಸೇರುವುದುಂಟು.

ಐವರಲ್ಲಿ ಸುಮಾರು ನಾಲ್ವರಿಗೆ ಒಂದು ವಾರದೊಳಗೆ ವಾಸಿಯಾಗುತ್ತದೆ. ಡ್ರಿಪ್, ನೋವಿನ ಔಷಧ, ನಿಧಾನವಾಗಿ ಆಹಾರ, ಅಷ್ಟೇ. ಕಷ್ಟವಿರುವುದು ಉಳಿದವರದು. ಶೇ. 5ರಿಂದ 10ರಷ್ಟು ರೋಗಿಗಳಲ್ಲಿ ಗ್ರಂಥಿಯ ಅಥವಾ ಅದರ ಸುತ್ತಲಿನ ಕೊಬ್ಬಿನ ಅಂಗಾಂಶ ಸಾಯುತ್ತದೆ. ವೈದ್ಯರು ಇದನ್ನು ನೆಕ್ರೋಸಿಸ್ ಎನ್ನುತ್ತಾರೆ. ಸತ್ತ ಅಂಗಾಂಶಕ್ಕೆ ನಂಜು ತಗುಲಿದರೆ, ಮೂತ್ರಪಿಂಡ ಹಾಗೂ ಶ್ವಾಸಕೋಶ ಕೈಕೊಟ್ಟರೆ, ರೋಗಿ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಇರಬೇಕಾಗುತ್ತದೆ. ಬದುಕಿ ಬರುತ್ತಾರೆಂಬ ಖಾತರಿಯೂ ಇರುವುದಿಲ್ಲ.

ಇನ್ನೊಂದು ಮಾತು. ಈ ಕಾಯಿಲೆಯನ್ನು ಪತ್ತೆಹಚ್ಚಲು ಸಿ.ಟಿ. ಸ್ಕ್ಯಾನ್ ಅನಿವಾರ್ಯವಲ್ಲ. ವಿಶಿಷ್ಟ ನೋವು, ರಕ್ತದಲ್ಲಿ ಲೈಪೇಸ್ ಅಥವಾ ಅಮೈಲೇಸ್ ಕಿಣ್ವದ ಪ್ರಮಾಣ ಸಹಜ ಮಿತಿಯ ಕನಿಷ್ಠ ಮೂರು ಪಟ್ಟು ಏರಿರುವುದು, ಸ್ಕ್ಯಾನ್‌ನಲ್ಲಿ ಕಾಣುವ ಲಕ್ಷಣ, ಈ ಮೂರರಲ್ಲಿ ಎರಡಿದ್ದರೆ ಸಾಕು. ಮೊದಲೆರಡು ಸ್ಪಷ್ಟವಾಗಿದ್ದರೆ ಮೊದಲ ದಿನವೇ ಸ್ಕ್ಯಾನ್ ಮಾಡಿಸುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಅಷ್ಟೇ ಏಕೆ, ಅದು ದಾರಿ ತಪ್ಪಿಸಲೂಬಹುದು. ಅಂಗಾಂಶ ಸತ್ತಿರುವುದು ಚಿತ್ರದಲ್ಲಿ ಸ್ಪಷ್ಟವಾಗಲು ಮೂರ್ನಾಲ್ಕು ದಿನಗಳಾದರೂ ಬೇಕು. ಮೊದಲ ದಿನದ ಸ್ಕ್ಯಾನ್ ನೋಡಿ ‘ನೆಕ್ರೋಸಿಸ್ ಇಲ್ಲ’ ಎಂದು ಬರೆದ ವರದಿ, ಆರನೆಯ ದಿನದ ರೋಗಿಯ ಕಡತದಲ್ಲಿ ಇನ್ನೂ ಹಾಗೆಯೇ ಕುಳಿತು ಸುಳ್ಳು ಧೈರ್ಯ ಹೇಳುತ್ತಿರುತ್ತದೆ. ನೋವಿನ ಕಾರಣವೇ ಅನುಮಾನವಾಗಿದ್ದಾಗ ಮಾತ್ರ ತಕ್ಷಣದ ಸ್ಕ್ಯಾನ್‌ಗೆ ಅರ್ಥವಿದೆ.

ಅಟ್ಲಾಂಟಾದಲ್ಲಿ ನಡೆದದ್ದು

ಈ ಕಾಯಿಲೆಯ ಬಗ್ಗೆ ಬೋಸ್ಟನ್ನಿನ ವೈದ್ಯ ರೆಜಿನಾಲ್ಡ್ ಫಿಟ್ಜ್ ವಿವರವಾಗಿ ಬರೆದದ್ದು 1889ರಲ್ಲಿ. ಮುಂದಿನ ನೂರು ವರ್ಷಗಳಲ್ಲಿ ಪ್ರತಿಯೊಂದು ದೇಶ, ಪ್ರತಿಯೊಂದು ದೊಡ್ಡ ಆಸ್ಪತ್ರೆ ತನ್ನದೇ ಆದ ಪದಕೋಶವನ್ನು ಕಟ್ಟಿಕೊಂಡಿತು. ಫ್ಲೆಗ್ಮನ್, ಆಬ್ಸೆಸ್, ಹೆಮರೇಜಿಕ್ ಪ್ಯಾಂಕ್ರಿಯಾಟೈಟಿಸ್, ಇನ್‌ಫೆಕ್ಟೆಡ್ ಸ್ಯೂಡೋಸಿಸ್ಟ್ ಹೀಗೆ. ಒಬ್ಬರು ಫ್ಲೆಗ್ಮನ್ ಎಂದದ್ದು ಇನ್ನೊಬ್ಬರಿಗೆ ಬರೀ ಊತ, ಮತ್ತೊಬ್ಬರಿಗೆ ಕೊಳೆತ ಅಂಗಾಂಶ. ಒಂದು ಆಸ್ಪತ್ರೆಯ ಚಿಕಿತ್ಸೆಯ ಯಶಸ್ಸನ್ನು ಇನ್ನೊಂದರದ್ದರ ಜೊತೆ ಹೋಲಿಸಲು ಸಾಧ್ಯವೇ ಇರಲಿಲ್ಲ.

ಈ ಗೋಜಲನ್ನು ಬಿಡಿಸಲು 1992ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಟ್ಲಾಂಟಾ ನಗರದಲ್ಲಿ 15 ದೇಶಗಳ 40 ತಜ್ಞರು ಸೇರಿದರು. ಎಡ್ವರ್ಡ್ ಬ್ರಾಡ್ಲಿ ಎಂಬ ಶಸ್ತ್ರವೈದ್ಯರ ಮುಂದಾಳತ್ವ. ಫ್ಲೆಗ್ಮನ್ ಮೊದಲಾದ ಪದಗಳನ್ನು ಕೈಬಿಡಬೇಕೆಂದು ಸಭೆ ನಿರ್ಧರಿಸಿತು. ಉಳಿಸಿಕೊಂಡ ಪದಗಳಿಗೆ ವ್ಯಾಖ್ಯೆಗಳನ್ನು ಕೊಟ್ಟಿತು. ‘ಅಟ್ಲಾಂಟಾ ವರ್ಗೀಕರಣ’ ಎಂದು ಹೆಸರಾದ ಈ ವ್ಯವಸ್ಥೆ ಇಪ್ಪತ್ತು ವರ್ಷ ಚಲಾವಣೆಯಲ್ಲಿತ್ತು. ಆದರೆ ಆ ವ್ಯಾಖ್ಯೆಗಳು ರೋಗಿಯ ಸ್ಥಿತಿ ಹಾಗೂ ಶಸ್ತ್ರಕ್ರಿಯೆಯಲ್ಲಿ ಕಂಡದ್ದನ್ನು ಆಧರಿಸಿದ್ದವೇ ಹೊರತು ಸ್ಕ್ಯಾನ್ ಚಿತ್ರದಲ್ಲಿ ಏನು ಕಾಣುತ್ತದೆ ಎಂಬುದನ್ನು ಅಷ್ಟಾಗಿ ಹೇಳಿರಲಿಲ್ಲ. ಡಚ್ ಪರೀಕ್ಷೆಯಲ್ಲಿ ಐವರು ತಜ್ಞರು ಐದು ದಿಕ್ಕಿಗೆ ಹೋದದ್ದು ಈ ಪದಗಳನ್ನು ಬಳಸಿಯೇ.

ಹಾಗಾಗಿ ಪರಿಷ್ಕರಣೆ ಅನಿವಾರ್ಯವಾಯಿತು. ಈ ಸಲ ಯಾರೂ ಒಂದು ಊರಿನಲ್ಲಿ ಸಭೆ ಸೇರಲಿಲ್ಲ. ಕರಡನ್ನು ಅಂತರ್ಜಾಲದ ಮೂಲಕ ಹಲವು ಸುತ್ತು ಹಂಚಿ, 11 ರಾಷ್ಟ್ರೀಯ ಮತ್ತು ಅಂತಾರಾಷ್ಟ್ರೀಯ ಸಂಘಗಳ ಅಭಿಪ್ರಾಯ ಪಡೆಯಲಾಯಿತು. ಪೀಟರ್ ಬ್ಯಾಂಕ್ಸ್ ಮೊದಲ ಲೇಖಕರಾಗಿದ್ದ ಈ ದಾಖಲೆ ‘ಗಟ್’ ಪತ್ರಿಕೆಯಲ್ಲಿ 2013ರ ಆರಂಭದಲ್ಲಿ ಅಚ್ಚಾಯಿತು. ಇದನ್ನು ‘2012ರ ಪರಿಷ್ಕೃತ ಅಟ್ಲಾಂಟಾ ವರ್ಗೀಕರಣ’ ಎಂದು ಕರೆಯುವುದು ರೂಢಿ. ಲೇಖಕರ ಪೈಕಿ ಡಚ್ ಕ್ಷಕಿರಣ ತಜ್ಞ ಥಾಮಸ್ ಬೋಲೆನ್ ಇದ್ದರು, ಮೇಯೊ ಕ್ಲಿನಿಕ್‌ನ ಭಾರತ ಮೂಲದ ವೈದ್ಯ ಶಾಂತಿ ಸ್ವರೂಪ್ ವೇಗೆ ಅವರೂ ಇದ್ದರು. ಕ್ಷಕಿರಣ ತಜ್ಞರೊಬ್ಬರು ಬರವಣಿಗೆಯ ಮೇಜಿನಲ್ಲಿ ಕುಳಿತದ್ದರ ಪರಿಣಾಮ ದಾಖಲೆಯಲ್ಲಿ ಎದ್ದು ಕಾಣುತ್ತದೆ.

ನಾಲ್ಕು ವಾರ, ನಾಲ್ಕು ಹೆಸರು

ಪರಿಷ್ಕೃತ ಪದ್ಧತಿಯ ತಿರುಳು ಎರಡು ಪ್ರಶ್ನೆಗಳಲ್ಲಿದೆ. ಅಂಗಾಂಶ ಸತ್ತಿದೆಯೆ? ನೋವು ಆರಂಭವಾಗಿ ನಾಲ್ಕು ವಾರ ಕಳೆದಿವೆಯೆ?

ಅಂಗಾಂಶ ಸಾಯದೆ ಗ್ರಂಥಿ ಬರೀ ಊದಿಕೊಂಡಿದ್ದರೆ ಅದು ಇಂಟರ್‌ಸ್ಟಿಷಿಯಲ್ ಬಗೆಯದು. ಇಲ್ಲಿ ಗ್ರಂಥಿಯ ಸುತ್ತ ದ್ರವ ಶೇಖರವಾದರೆ ಮೊದಲ ನಾಲ್ಕು ವಾರ ಅದನ್ನು ‘ತೀವ್ರ ದ್ರವ ಶೇಖರಣೆ’ ಎನ್ನಬೇಕು. ಬಹುಪಾಲು ಅದು ತಾನಾಗಿಯೇ ಇಂಗಿಹೋಗುತ್ತದೆ. ಇಂಗದೆ ಉಳಿದು, ನಾಲ್ಕು ವಾರಗಳ ನಂತರ ಸುತ್ತಲೂ ಸ್ಪಷ್ಟ ಗೋಡೆ ಕಟ್ಟಿಕೊಂಡರೆ ಮಾತ್ರ ಅದು ಸ್ಯೂಡೋಸಿಸ್ಟ್, ಅಂದರೆ ಹುಸಿಚೀಲ.

ಅಂಗಾಂಶ ಸತ್ತಿದ್ದರೆ ಹೆಸರುಗಳೇ ಬೇರೆ. ನಾಲ್ಕು ವಾರದೊಳಗೆ ‘ತೀವ್ರ ನೆಕ್ರೋಟಿಕ್ ಶೇಖರಣೆ’, ಗೋಡೆ ಕಟ್ಟಿದ ಮೇಲೆ ‘ವಾಲ್ಡ್-ಆಫ್ ನೆಕ್ರೋಸಿಸ್’. ಈ ನಾಲ್ಕರಲ್ಲಿ ಪ್ರತಿಯೊಂದೂ ನಂಜು ತಗುಲಿದ್ದಿರಬಹುದು, ತಗುಲದ್ದಿರಬಹುದು. ಇಷ್ಟೇ ವ್ಯವಸ್ಥೆ. ಹಳೆಯ ‘ಪ್ಯಾಂಕ್ರಿಯಾಟಿಕ್ ಆಬ್ಸೆಸ್’ ಪದಕ್ಕೂ ಇಲ್ಲಿ ಜಾಗವಿಲ್ಲ.

ಇಂದಿಗೂ ಅತಿ ಹೆಚ್ಚು ತಪ್ಪಾಗಿ ಬಳಕೆಯಾಗುವ ಪದ ಸ್ಯೂಡೋಸಿಸ್ಟ್. ಗ್ರಂಥಿಯ ಬಳಿ ಏನೇ ದ್ರವ ಕಂಡರೂ, ಎರಡನೆಯ ವಾರದಲ್ಲೇ ಇದ್ದರೂ, ಅದನ್ನು ಸ್ಯೂಡೋಸಿಸ್ಟ್ ಎಂದು ಬರೆದುಬಿಡುವ ಅಭ್ಯಾಸ ಬಲವಾಗಿ ಬೇರೂರಿದೆ. ನಿಜವಾದ ಹುಸಿಚೀಲ ವಾಸ್ತವವಾಗಿ ವಿರಳ. ಹೆಚ್ಚಿನವು ಒಳಗೆ ಸತ್ತ ಕೊಬ್ಬಿನ ತುಣುಕುಗಳನ್ನು ಅಡಗಿಸಿಕೊಂಡಿರುವ ನೆಕ್ರೋಸಿಸ್‌ಗಳೇ.

ಹೆಸರಿನಲ್ಲೇನಿದೆ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ. ಹುಸಿಚೀಲದಲ್ಲಿ ಇರುವುದು ತಿಳಿ ದ್ರವ. ಸಣ್ಣ ನಳಿಕೆಯೊಂದನ್ನು ಇಳಿಸಿದರೆ ಅದು ಬಸಿದು ಬರುತ್ತದೆ. ನೆಕ್ರೋಸಿಸ್‌ನಲ್ಲಿ ಗಟ್ಟಿ ತುಣುಕುಗಳಿವೆ. ಅದೇ ಸಣ್ಣ ನಳಿಕೆಯನ್ನು ಅಲ್ಲಿಗೆ ಇಳಿಸಿದರೆ, ಅಡುಗೆಮನೆಯ ಸಿಂಕಿನ ಕೊಳವೆಗೆ ಅನ್ನದ ಅಗುಳು ಸಿಕ್ಕಿಕೊಂಡಂತೆ ಕಟ್ಟಿಕೊಳ್ಳುತ್ತದೆ. ದ್ರವ ಹೋಗಿ ಗಟ್ಟಿ ಪದಾರ್ಥ ಉಳಿಯುತ್ತದೆ. ಜೊತೆಗೆ, ಅದುವರೆಗೆ ಮುಚ್ಚಿಕೊಂಡಿದ್ದ ಜಾಗಕ್ಕೆ ಹೊರಗಿನ ಸೂಕ್ಷ್ಮಾಣುಗಳು ನಳಿಕೆಯ ದಾರಿಯಲ್ಲಿ ಒಳಸೇರುತ್ತವೆ. ನಂಜಿಲ್ಲದಿದ್ದ ನೆಕ್ರೋಸಿಸ್ ನಂಜಿನದಾಗುತ್ತದೆ. ಅಗಲ ಬಾಯಿಯ ಲೋಹದ ಸ್ಟೆಂಟ್ ಬೇಕಾಗಿದ್ದಲ್ಲಿ ಸಣ್ಣ ಪ್ಲಾಸ್ಟಿಕ್ ನಳಿಕೆ ಹಾಕಿದ್ದರ ಹಿಂದೆ ಎಷ್ಟೋ ಸಲ ವರದಿಯ ಆ ಒಂದು ಪದವಿರುತ್ತದೆ.

ಸಿ.ಟಿ. ಸ್ಕ್ಯಾನ್‌ಗೂ ಇಲ್ಲೊಂದು ಮಿತಿ ಇದೆ. ದ್ರವದೊಳಗಿನ ಗಟ್ಟಿ ತುಣುಕುಗಳನ್ನು ಅದು ಹಲವು ಬಾರಿ ತೋರಿಸುವುದಿಲ್ಲ. ಎಲ್ಲವೂ ಒಂದೇ ಬೂದುಬಣ್ಣವಾಗಿ ಕಾಣುತ್ತದೆ. ಎಂ.ಆರ್.ಐ. ಅಥವಾ ಎಂಡೋಸ್ಕೋಪಿ ಮೂಲಕ ಮಾಡುವ ಅಲ್ಟ್ರಾಸೌಂಡ್ ಈ ವಿಷಯದಲ್ಲಿ ಮೇಲು. ಅನುಮಾನವಿದ್ದಾಗ ವರದಿ ಬರೆಯುವವರು ‘ಒಳಗಿರುವುದು ಬರೀ ದ್ರವವೇ ಎಂದು ಈ ಚಿತ್ರದಿಂದ ಹೇಳಲಾಗದು’ ಎಂದು ಒಂದು ಸಾಲು ಸೇರಿಸಿದರೆ ಅದಕ್ಕಿಂತ ಉಪಕಾರ ಇನ್ನೊಂದಿಲ್ಲ.

ಗ್ರಂಥಿ ಸರಿಯಿದ್ದು ಅದರ ಸುತ್ತಲಿನ ಕೊಬ್ಬು ಮಾತ್ರ ಸತ್ತಿರುವ ರೋಗಿಗಳದು ಇನ್ನೊಂದು ಪಾಡು. ಚಿತ್ರದಲ್ಲಿ ಗ್ರಂಥಿ ಚೆನ್ನಾಗಿ ಹೊಳೆಯುತ್ತಿರುತ್ತದೆ. ಅದನ್ನು ನೋಡಿ ‘ನೆಕ್ರೋಸಿಸ್ ಇಲ್ಲ’ ಎಂದು ಬರೆದರೆ ಅರ್ಧ ಸತ್ಯವಷ್ಟೇ ದಾಖಲಾಗುತ್ತದೆ. 1992ರ ಪದ್ಧತಿಯಲ್ಲಿ ಈ ಗುಂಪಿಗೆ ಸ್ಪಷ್ಟ ಸ್ಥಾನವಿರಲಿಲ್ಲ. ಪರಿಷ್ಕೃತ ಪದ್ಧತಿ ಅದನ್ನು ನೆಕ್ರೋಸಿಸ್‌ನ ಒಂದು ಪ್ರಭೇದವಾಗಿ ಪ್ರತ್ಯೇಕವಾಗಿ ಗುರುತಿಸಿದೆ.

ಕಾಯುವುದೂ ಚಿಕಿತ್ಸೆಯೇ

ಹಿಂದೆ, ನಂಜು ತಗುಲಿದ ನೆಕ್ರೋಸಿಸ್ ಎಂದರೆ ಹೊಟ್ಟೆ ತೆರೆದು ಕೊಳೆತದ್ದನ್ನು ಬಾಚಿ ತೆಗೆಯುವುದೇ ದಾರಿ ಎಂದಿತ್ತು. ಡಚ್ ತಂಡವೇ 2010ರಲ್ಲಿ ಪ್ರಕಟಿಸಿದ ‘ಪ್ಯಾಂಟರ್’ ಅಧ್ಯಯನ ಆ ನಂಬಿಕೆಯನ್ನು ಬುಡಮೇಲು ಮಾಡಿತು. 88 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ನೇರ ಶಸ್ತ್ರಕ್ರಿಯೆ, ಉಳಿದವರಿಗೆ ಮೊದಲು ನಳಿಕೆ, ಅದರಿಂದ ಗುಣವಾಗದಿದ್ದರೆ ಮಾತ್ರ ಸಣ್ಣ ರಂಧ್ರದ ಮೂಲಕ ಶಸ್ತ್ರಕ್ರಿಯೆ. ನೇರವಾಗಿ ಹೊಟ್ಟೆ ತೆರೆದವರಲ್ಲಿ ಶೇ. 69ರಷ್ಟು ಜನರಿಗೆ ಗಂಭೀರ ತೊಡಕು ಅಥವಾ ಸಾವು ಸಂಭವಿಸಿತ್ತು. ಹಂತಹಂತದ ಚಿಕಿತ್ಸೆ ಪಡೆದವರಲ್ಲಿ ಅದು ಶೇ. 40. ಈ ಗುಂಪಿನಲ್ಲಿ ಶೇ. 35ರಷ್ಟು ಮಂದಿಗೆ ನಳಿಕೆಯೊಂದರಿಂದಲೇ ಗುಣವಾಗಿತ್ತು.

ನಳಿಕೆಯನ್ನಾದರೂ ಕೂಡಲೇ ಹಾಕಬೇಕೆ? 2021ರಲ್ಲಿ ಪ್ರಕಟವಾದ ‘ಪಾಯಿಂಟರ್’ ಅಧ್ಯಯನ ಅದನ್ನೂ ಪರೀಕ್ಷಿಸಿತು. 104 ರೋಗಿಗಳು. ತಕ್ಷಣ ನಳಿಕೆ ಹಾಕಿದ್ದರಿಂದ ತೊಡಕುಗಳು ಕಡಿಮೆಯಾಗಲಿಲ್ಲ. ಗೋಡೆ ಕಟ್ಟುವವರೆಗೆ ಕಾದ ಗುಂಪಿನಲ್ಲಿ ಶೇ. 39ರಷ್ಟು ರೋಗಿಗಳು ನಳಿಕೆಯೇ ಇಲ್ಲದೆ, ಬರೀ ಆಂಟಿಬಯಾಟಿಕ್ ಔಷಧದಿಂದ ಚೇತರಿಸಿಕೊಂಡರು.

ಈ ಚಿಕಿತ್ಸಾ ಕ್ರಮ ನಿಂತಿರುವುದೇ ಚಿತ್ರದ ವರದಿಯ ಮೇಲೆ. ಗೋಡೆ ಪೂರ್ಣವಾಗಿದೆಯೆ, ಇಲ್ಲವೆ ಎಂದು ಹೇಳದ ವರದಿ ಇಟ್ಟುಕೊಂಡು ಕಾಯುವುದು ಹೇಗೆ?

ಅಂಕಗಳ ಗೋಜಲು

ಪದಗಳ ಗೊಂದಲ ಸಾಲದೆಂಬಂತೆ ಅಂಕಗಳ ಗೊಂದಲವೂ ಇದೆ. ನ್ಯೂಯಾರ್ಕಿನ ಎಮಿಲ್ ಬಾಲ್ತಝಾರ್ 1985ರಲ್ಲಿ ಎ ಯಿಂದ ಇ ವರೆಗೆ ಐದು ದರ್ಜೆಗಳನ್ನು ರೂಪಿಸಿದರು. 1990ರಲ್ಲಿ ಅದಕ್ಕೆ ನೆಕ್ರೋಸಿಸ್‌ನ ಪ್ರಮಾಣವನ್ನು ಸೇರಿಸಿ 10 ಅಂಕಗಳ ಸೂಚ್ಯಂಕ ಮಾಡಿದರು. 2004ರಲ್ಲಿ ಮಾರ್ಟೆಲೆ ಮತ್ತು ಸಂಗಡಿಗರು ಅದನ್ನು ಸರಳಗೊಳಿಸಿ ಪರಿಷ್ಕೃತ ಸೂಚ್ಯಂಕ ತಂದರು. ಅದಕ್ಕೂ 10 ಅಂಕಗಳೇ. ಎರಡರಲ್ಲೂ 3ರವರೆಗೆ ಅಥವಾ ಅದಕ್ಕಿಂತ ಕಡಿಮೆ ಬಂದರೆ ಸೌಮ್ಯ, 4ರಿಂದ 6 ಮಧ್ಯಮ, ಅದಕ್ಕಿಂತ ಮೇಲೆ ತೀವ್ರ.

ಒಬ್ಬ ರೋಗಿಯನ್ನು ಊಹಿಸಿಕೊಳ್ಳಿ. ಗ್ರಂಥಿಯ ಬಳಿ ಒಂದೇ ಒಂದು ದ್ರವ ಶೇಖರಣೆ. ನೆಕ್ರೋಸಿಸ್ ಇಲ್ಲ. ಎಡ ಶ್ವಾಸಕೋಶದ ಹೊರಪೊರೆಯಲ್ಲಿ ಸ್ವಲ್ಪ ನೀರು. 1990ರ ಸೂಚ್ಯಂಕದ ಪ್ರಕಾರ ಒಂದು ಶೇಖರಣೆಗೆ 3 ಅಂಕ. ಎದೆಯ ನೀರಿಗೆ ಲೆಕ್ಕವಿಲ್ಲ. ಒಟ್ಟು 3, ಸೌಮ್ಯ. 2004ರ ಸೂಚ್ಯಂಕದಲ್ಲಿ ಶೇಖರಣೆಗೆ 4, ಎದೆಯ ನೀರಿಗೆ 2. ಒಟ್ಟು 6, ಮಧ್ಯಮ. ರೋಗಿ ಅದೇ, ಚಿತ್ರ ಅದೇ. ವರದಿಯಲ್ಲಿ ಬರೀ ‘ಸಿ.ಟಿ. ಸೂಚ್ಯಂಕ 6’ ಎಂದು ಬರೆದು ಯಾವ ಸೂಚ್ಯಂಕ ಎಂದು ಹೇಳದಿದ್ದರೆ ಓದುವವರು ಏನೆಂದು ತಿಳಿಯಬೇಕು?

ಇಷ್ಟಕ್ಕೇ ಮುಗಿಯಲಿಲ್ಲ. ಪರಿಷ್ಕೃತ ಅಟ್ಲಾಂಟಾ ಪದ್ಧತಿಯಲ್ಲೂ ಸೌಮ್ಯ, ಮಧ್ಯಮ-ತೀವ್ರ, ತೀವ್ರ ಎಂಬ ಮೂರು ಹಂತಗಳಿವೆ. ಆದರೆ ಅವು ನಿರ್ಧಾರವಾಗುವುದು ಮುಖ್ಯವಾಗಿ ರೋಗಿಯ ಹಾಸಿಗೆಯ ಬಳಿ. ಶ್ವಾಸಕೋಶ, ಹೃದಯ ಮತ್ತು ರಕ್ತಪರಿಚಲನೆ, ಮೂತ್ರಪಿಂಡ ಇವುಗಳಲ್ಲಿ ಯಾವುದಾದರೂ 48 ಗಂಟೆಗಳಿಗೂ ಮೀರಿ ವಿಫಲವಾಗಿದ್ದರೆ ಮಾತ್ರ ‘ತೀವ್ರ’. ಚಿತ್ರದಲ್ಲಿ ಎಷ್ಟೇ ಭಯಾನಕವಾಗಿ ಕಂಡರೂ, ಅಂಗವೈಫಲ್ಯ ಇಲ್ಲದಿದ್ದರೆ ಅದು ‘ಮಧ್ಯಮ-ತೀವ್ರ’. ಹೀಗಾಗಿ ‘ಸಿವಿಯರ್ ಪ್ಯಾಂಕ್ರಿಯಾಟೈಟಿಸ್’ ಎಂದು ಸ್ಕ್ಯಾನ್ ವರದಿಯಲ್ಲಿ ಬರೆಯುವುದು ಕ್ಷಕಿರಣ ತಜ್ಞರ ಅಧಿಕಾರ ವ್ಯಾಪ್ತಿಗೆ ಬಾರದ ಮಾತು. ಆ ಪದವನ್ನು ಓದಿ ಗಾಬರಿಗೊಂಡ ಮನೆಯವರು ಎಷ್ಟೋ! (ಇದೇ ಅವಧಿಯಲ್ಲಿ ಇನ್ನೊಂದು ಗುಂಪು ನಾಲ್ಕು ಹಂತಗಳ ಪ್ರತ್ಯೇಕ ವರ್ಗೀಕರಣವನ್ನೂ ಹೊರತಂದಿತು. ಗೊಂದಲ ನಿವಾರಿಸಲು ಹೊರಟವರು ಏಕಕಾಲಕ್ಕೆ ಎರಡು ದಾರಿ ತೆರೆದದ್ದು ವಿಪರ್ಯಾಸವೇ ಸರಿ.)

ಒಳ್ಳೆಯ ವರದಿಯಲ್ಲಿ ಏನಿರಬೇಕು?

ಏಕರೂಪದ ವರದಿ ಎಂದರೆ ಮೊದಲೇ ಸಿದ್ಧವಾದ ಶೀರ್ಷಿಕೆಗಳ ಚೌಕಟ್ಟು. ಒಂದೊಂದು ಶೀರ್ಷಿಕೆಗೂ ಉತ್ತರ ಬರೆಯದೆ ಮುಂದೆ ಹೋಗುವಂತಿಲ್ಲ. ಮೊದಲ ಸಾಲಿನಲ್ಲೇ ನೋವು ಆರಂಭವಾಗಿ ಎಷ್ಟನೆಯ ದಿನ ಎಂಬುದು. ಬಳಿಕ ಚಿತ್ರ ತೆಗೆದ ರೀತಿ. ರಕ್ತನಾಳಕ್ಕೆ ಕಾಂಟ್ರಾಸ್ಟ್ ಔಷಧ ಕೊಟ್ಟಿದ್ದರೆ, ಇಲ್ಲದಿದ್ದರೆ ಅದನ್ನೂ ಹೇಳಬೇಕು. ಕಾಂಟ್ರಾಸ್ಟ್ ಇಲ್ಲದೆ ನೆಕ್ರೋಸಿಸ್ ಇದೆ ಅಥವಾ ಇಲ್ಲ ಎನ್ನಲಾಗದು. ರಕ್ತ ಹರಿಯುವ ಅಂಗಾಂಶ ಹೊಳೆಯುತ್ತದೆ, ಸತ್ತದ್ದು ಹೊಳೆಯುವುದಿಲ್ಲ. ಇಡೀ ಲೆಕ್ಕಾಚಾರ ಇದರ ಮೇಲಿದೆ. ಮೂತ್ರಪಿಂಡ ದುರ್ಬಲವಾಗಿರುವ ರೋಗಿಗಳಿಗೆ ಈ ಔಷಧ ಕೊಡಲು ಹಿಂಜರಿಯಬೇಕಾಗುತ್ತದೆ. ಅಂಥ ಕಡೆ ವರದಿಯ ಮಿತಿಯೂ ದಾಖಲಾಗಬೇಕು.

ಆಮೇಲೆ ಗ್ರಂಥಿಯ ಸ್ಥಿತಿ. ತಲೆ, ನಡು, ಬಾಲ, ಇವುಗಳಲ್ಲಿ ಯಾವ ಭಾಗ ಸತ್ತಿದೆ, ಒಟ್ಟಾರೆ ಶೇ. 30ಕ್ಕಿಂತ ಕಡಿಮೆಯೆ, ಹೆಚ್ಚೆ. ಕೊಬ್ಬಿನ ಭಾಗದ ಬಗ್ಗೆ ಬೇರೆಯೇ ಸಾಲು. ಶೇಖರಣೆಗಳ ಸಂಖ್ಯೆ, ಜಾಗ, ಅಳತೆ, ಗೋಡೆ, ಒಳಗೆ ಗಾಳಿಯ ಗುಳ್ಳೆ. ಗಾಳಿ ಕಂಡರೆ ನಂಜಿನ ಶಂಕೆ ಬಲವಾಗುತ್ತದೆ, ಆದರೆ ಕರುಳಿಗೆ ರಂಧ್ರವಾಗಿ ಅಲ್ಲಿಂದ ಬಂದಿರಲೂಬಹುದು. ಜಠರದ ಗೋಡೆಗೂ ಶೇಖರಣೆಗೂ ಎಷ್ಟು ಅಂತರ ಎಂಬುದನ್ನು ಎಂಡೋಸ್ಕೋಪಿ ಮಾಡುವವರು ತಪ್ಪದೆ ಕೇಳುತ್ತಾರೆ; ಸುಮಾರು ಒಂದು ಸೆಂ.ಮೀ.ಗಿಂತ ಕಡಿಮೆಯಿದ್ದರೆ ಜಠರದೊಳಗಿನಿಂದಲೇ ದಾರಿ ಮಾಡಬಹುದು. ಎಡಗಡೆ ದೊಡ್ಡ ಕರುಳಿನ ಹಿಂದೆ ಅದು ಇಳಿದಿದ್ದರೆ ಪಕ್ಕೆಯಿಂದ ನಳಿಕೆ ಹಾಕಲು ಅನುಕೂಲ.

ಅತಿ ಹೆಚ್ಚು ಮರೆತುಹೋಗುವುದು ರಕ್ತನಾಳಗಳ ಸಾಲು. ಮರೆತರೆ ಆಗುವ ಅನಾಹುತವೂ ಅತಿ ದೊಡ್ಡದು. ಕಿಣ್ವಗಳು ಪಕ್ಕದ ಅಪಧಮನಿಯ ಗೋಡೆಯನ್ನು ತಿಂದುಹಾಕಿದರೆ ಅಲ್ಲಿ ಬಲೂನಿನಂಥ ಉಬ್ಬು ಬೆಳೆಯುತ್ತದೆ. ಗುಲ್ಮಕ್ಕೆ ಹೋಗುವ ಅಪಧಮನಿಯಲ್ಲಿ ಇದು ಹೆಚ್ಚು. ಸ್ಯೂಡೋಅನ್ಯೂರಿಸಂ ಎಂದು ಇದರ ಹೆಸರು. ಅದು ಶೇಖರಣೆಯೊಳಗೆ ಅಡಗಿರುವುದು ಗೊತ್ತಿಲ್ಲದೆ ಸೂಜಿ ಚುಚ್ಚಿದರೆ ರಕ್ತಸ್ರಾವವನ್ನು ತಡೆಯುವುದು ಬಹಳ ಕಷ್ಟ. ಮೊದಲೇ ಗೊತ್ತಿದ್ದರೆ ತೊಡೆಯ ಸಂದಿಯ ಬಳಿಯ ರಕ್ತನಾಳದ ಮೂಲಕ ತಂತಿ ಸಾಗಿಸಿ ಅದನ್ನು ಮುಚ್ಚಿ, ಬಳಿಕ ನಳಿಕೆ ಹಾಕಬಹುದು. ಗುಲ್ಮದ ಹಾಗೂ ಯಕೃತ್ತಿಗೆ ಸಾಗುವ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟಿದೆಯೆ ಎಂಬುದೂ ಇದೇ ಸಾಲಿಗೆ ಸೇರಬೇಕು. ಮನಬಂದಂತೆ ಬರೆಯುವ ವರದಿಯಲ್ಲಿ ರಕ್ತನಾಳದ ಉಲ್ಲೇಖವೇ ಇಲ್ಲದಿದ್ದರೆ, ನೋಡಿ ಸರಿಯಿತ್ತೆಂದು ಬರೆಯಲಿಲ್ಲವೆ ಅಥವಾ ನೋಡಲೇ ಇಲ್ಲವೆ ಎಂದು ತಿಳಿಯುವ ಬಗೆ ಇಲ್ಲ. ನನ್ನ ಮಟ್ಟಿಗೆ, ಚೌಕಟ್ಟಿನ ವರದಿಯ ಪರವಾಗಿ ಇದೊಂದು ಕಾರಣವೇ ಸಾಕು.

ಕೊನೆಯಲ್ಲಿ ಕಾರಣದ ಸುಳಿವು: ಪಿತ್ತಕೋಶದಲ್ಲಿ ಅಥವಾ ಪಿತ್ತನಾಳದಲ್ಲಿ ಕಲ್ಲು. ಇದಕ್ಕೆ ಸಿ.ಟಿ.ಗಿಂತ ಸಾಮಾನ್ಯ ಅಲ್ಟ್ರಾಸೌಂಡ್ ಎಷ್ಟೋ ವಾಸಿ. ನಡುವಯಸ್ಸು ದಾಟಿದವರಲ್ಲಿ ಬೇರೆ ಕಾರಣ ಸಿಗದಿದ್ದರೆ ಗ್ರಂಥಿಯಲ್ಲಿ ಗಡ್ಡೆ ಇದೆಯೆ ಎಂದೂ ನೋಡಬೇಕು.

ಒಪ್ಪದವರ ವಾದ

ವರದಿಗಳು ಏಕರೂಪವಾಗಿರಬೇಕೆಂಬ ಕೂಗು ಹೊಸದೇನಲ್ಲ. ಅಮೆರಿಕದ ಪ್ರೆಸ್ಟನ್ ಹಿಕ್ಕಿ ಎಂಬ ವೈದ್ಯರು 1922ರಲ್ಲೇ ಎಕ್ಸ್‌-ರೇ ವರದಿಗಳ ಬಗ್ಗೆ ಇದನ್ನು ಪ್ರತಿಪಾದಿಸಿದ್ದರು. ಸ್ತನದ ಮ್ಯಾಮೋಗ್ರಾಂ ವರದಿಗಳಲ್ಲಿ 1990ರ ದಶಕದಿಂದ ‘ಬೈರಾಡ್ಸ್’ ಎಂಬ ಅಂಕಪದ್ಧತಿ ಗಟ್ಟಿಯಾಗಿ ನೆಲೆಯೂರಿದೆ. ಇಂದು ಸ್ತನದ ವರದಿಯ ಕೊನೆಗೆ ಅಂಕ ಇಲ್ಲದಿದ್ದರೆ ವೈದ್ಯರು ಅದನ್ನು ಹಿಂದಿರುಗಿಸುತ್ತಾರೆ. ಮೇದೋಜೀರಕದ ವಿಷಯದಲ್ಲಿ ಆ ಶಿಸ್ತು ಇನ್ನೂ ಬಂದಿಲ್ಲ.

ವಿರೋಧಿಸುವವರ ಮಾತಿನಲ್ಲೂ ಹುರುಳಿದೆ. ಚೌಕಟ್ಟನ್ನು ತುಂಬುವ ಧಾವಂತದಲ್ಲಿ ಕಣ್ಣು ಚಿತ್ರವನ್ನು ಬಿಟ್ಟು ಪಟ್ಟಿಯ ಕಡೆಗೆ ಹೊರಳುತ್ತದೆ, ಪಟ್ಟಿಯಲ್ಲಿಲ್ಲದ ವಿಚಿತ್ರ ಸಂಗತಿ ಕಣ್ತಪ್ಪುತ್ತದೆ ಎಂಬುದು ಒಂದು ಆಕ್ಷೇಪ. ಮೊದಲೇ ‘ಸಹಜ’ ಎಂದು ತುಂಬಿಟ್ಟ ನಮೂನೆಯಲ್ಲಿ ಬದಲಿಸಲು ಮರೆತ ಸಾಲು ಹಾಗೆಯೇ ಉಳಿದುಬಿಡುವ ಅಪಾಯವೂ ನಿಜ. ಶಸ್ತ್ರಕ್ರಿಯೆಯಲ್ಲಿ ಪಿತ್ತಕೋಶವನ್ನು ತೆಗೆದು ವರ್ಷಗಳಾದ ರೋಗಿಯ ವರದಿಯಲ್ಲಿ ‘ಪಿತ್ತಕೋಶ ಸಹಜವಾಗಿದೆ’ ಎಂದು ಅಚ್ಚಾದರೆ ಉಳಿದ ಸಾಲುಗಳನ್ನು ಯಾರು ನಂಬುತ್ತಾರೆ? ಆದ್ದರಿಂದ ಒಳ್ಳೆಯ ನಮೂನೆಗಳು ಉತ್ತರವನ್ನು ಮೊದಲೇ ತುಂಬಿರುವುದಿಲ್ಲ, ಖಾಲಿ ಬಿಟ್ಟಿರುತ್ತವೆ. ಕೊನೆಗೊಂದು ಭಾಗವನ್ನು ತಜ್ಞರ ಸ್ವತಂತ್ರ ಅಭಿಪ್ರಾಯಕ್ಕೆಂದು ಮೀಸಲಿಡುತ್ತವೆ.

ನಮ್ಮಲ್ಲಿ

ಈ ಚರ್ಚೆ ನಮಗೆ ದೂರದ್ದೇನೂ ಅಲ್ಲ. ಜಿಲ್ಲಾ ಕೇಂದ್ರದ ಡಯಾಗ್ನಾಸ್ಟಿಕ್ ಸೆಂಟರ್‌ನಲ್ಲಿ ಮೊದಲ ಸ್ಕ್ಯಾನ್, ಅಲ್ಲಿಂದ ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಆಂಬುಲೆನ್ಸ್, ಅಲ್ಲಿ ಎರಡನೆಯ ಸ್ಕ್ಯಾನ್. ಈ ಕಾಯಿಲೆಯವರ ಸಾಮಾನ್ಯ ಪಯಣವಿದು. ಎರಡು ವರದಿಗಳು ಎರಡು ಭಾಷೆಯಲ್ಲಿದ್ದರೆ ರೋಗ ಉಲ್ಬಣಿಸಿದೆಯೆ, ಬರೀ ಪದ ಬದಲಾಗಿದೆಯೆ ಎಂದು ಹೇಳುವುದು ಕಷ್ಟ. ದೂರಸಂಪರ್ಕದ ಮೂಲಕ ವರದಿ ಬರೆಯುವ ಉದ್ಯಮವೂ ಇಲ್ಲಿ ಬೆಳೆದಿದೆ. ಡಾ. ಅರ್ಜುನ್ ಕಲ್ಯಾಣಪುರ ಅವರು 2002ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಟೆಲಿರೇಡಿಯಾಲಜಿ ಸೊಲ್ಯೂಷನ್ಸ್ ಸಂಸ್ಥೆ, ಅಮೆರಿಕದ ಆಸ್ಪತ್ರೆಗಳ ರಾತ್ರಿಪಾಳಿಯ ಸ್ಕ್ಯಾನ್‌ಗಳನ್ನು ಇಲ್ಲಿನ ಹಗಲಿನಲ್ಲಿ ಓದಿಕೊಡುವ ಮೂಲಕ ಹೆಸರಾಯಿತು. ಚಿತ್ರ ನೋಡುವವರು ಮತ್ತು ರೋಗಿಯನ್ನು ನೋಡುವವರು ಪರಸ್ಪರ ಮುಖ ಕಾಣದಿರುವಾಗ ಅವರ ನಡುವೆ ಇರುವುದು ವರದಿಯ ಪದಗಳು ಮಾತ್ರ.

ಹಾಗೆಂದು ಎಲ್ಲವನ್ನೂ ಕ್ಷಕಿರಣ ತಜ್ಞರ ತಲೆಗೆ ಕಟ್ಟುವುದು ನ್ಯಾಯವಲ್ಲ. ನಾಲ್ಕು ವಾರಗಳ ಲೆಕ್ಕ ಆರಂಭವಾಗುವುದು ಹೊಟ್ಟೆನೋವು ಕಾಣಿಸಿಕೊಂಡ ದಿನದಿಂದ, ಆಸ್ಪತ್ರೆಗೆ ಸೇರಿದ ದಿನದಿಂದಲ್ಲ. ಊರಿನಲ್ಲಿ ಐದು ದಿನ ನರಳಿ ಬಂದ ರೋಗಿಗೆ ಆ ಐದು ದಿನಗಳೂ ಲೆಕ್ಕಕ್ಕೆ ಸೇರಬೇಕು. ಆದರೆ ಸ್ಕ್ಯಾನ್‌ಗೆಂದು ಕಳುಹಿಸುವ ಚೀಟಿಯಲ್ಲಿ ಏನಿರುತ್ತದೆ? ‘ಹೊಟ್ಟೆನೋವು, ಸಿ.ಟಿ. ಅಬ್ಡಾಮಿನ್’ ಎಂಬ ಒಂದು ಸಾಲು. ಲೈಪೇಸ್ ಎಷ್ಟು, ನೋವು ಯಾವಾಗ ಶುರುವಾಯಿತು, ಜ್ವರ ಇದೆಯೆ, ಹಿಂದೆ ಸ್ಕ್ಯಾನ್ ಆಗಿದೆಯೆ, ಯಾವುದೂ ಇಲ್ಲ. ಅಷ್ಟು ಮಾಹಿತಿಯಿಂದ ಸ್ಯೂಡೋಸಿಸ್ಟ್ ಯಾವುದು, ತೀವ್ರ ಶೇಖರಣೆ ಯಾವುದು ಎಂದು ಹೇಳಬೇಕಾದವರ ಸ್ಥಿತಿ ಶೋಚನೀಯ. ವರದಿಯ ನಮೂನೆಗಿಂತ ಮೊದಲು ಈ ಚೀಟಿಗೊಂದು ನಮೂನೆ ಬೇಕು. ಅದಕ್ಕೆ ಖರ್ಚೂ ಇಲ್ಲ.

ರೋಗಿಯ ಕಡೆಯವರು ಮಾಡಬಹುದಾದದ್ದೂ ಸ್ವಲ್ಪವಿದೆ. ನೋವು ಆರಂಭವಾದ ದಿನಾಂಕವನ್ನು ಬರೆದಿಟ್ಟುಕೊಂಡು ಸ್ಕ್ಯಾನ್ ಕೊಠಡಿಯಲ್ಲಿ ಹೇಳುವುದು. ಬೇರೆ ಆಸ್ಪತ್ರೆಗೆ ಹೋಗುವಾಗ ವರದಿಯ ಕಾಗದವನ್ನಷ್ಟೇ ಅಲ್ಲದೆ ಚಿತ್ರಗಳಿರುವ ಸಿ.ಡಿ.ಯನ್ನು ಅಥವಾ ಅದರ ಲಿಂಕನ್ನು ಕೇಳಿ ಪಡೆಯುವುದು. ಫಿಲಂ ಹಾಳೆಗಳಲ್ಲಿ ಆಯ್ದ ಕೆಲವೇ ಚಿತ್ರಗಳು ಇರುತ್ತವೆ. ಹೊಸ ವೈದ್ಯರು ತಾವೇ ನೋಡಿ ನಿರ್ಧರಿಸಲು ಅವು ಸಾಲವು.

ನಾಲ್ಕು ವಾರ ಎಂಬ ಗೆರೆಯನ್ನೂ ಕಲ್ಲಿನ ಮೇಲೆ ಕೆತ್ತಿದ್ದೆಂದು ಭಾವಿಸಬೇಕಾಗಿಲ್ಲ. ಕೆಲವರಲ್ಲಿ ಮೂರನೆಯ ವಾರಕ್ಕೇ ಗೋಡೆ ಗಟ್ಟಿಯಾಗಿರುತ್ತದೆ. ಕೆಲವರಲ್ಲಿ ಐದನೆಯ ವಾರವಾದರೂ ಒಂದು ಬದಿ ತೆರೆದೇ ಇರುತ್ತದೆ. ಆದ್ದರಿಂದ ಅನುಭವಿ ತಜ್ಞರು ಹೆಸರನ್ನು ಬರೆದು ಸುಮ್ಮನಾಗದೆ, ಇಂದು ಎಷ್ಟನೆಯ ದಿನ, ಗೋಡೆ ಪೂರ್ಣವೆ ಅಪೂರ್ಣವೆ, ಅಪೂರ್ಣವಾದರೆ ಯಾವ ಬದಿಯಲ್ಲಿ ಎಂಬುದನ್ನೂ ಹೆಸರಿನ ಪಕ್ಕದಲ್ಲೇ ದಾಖಲಿಸುತ್ತಾರೆ. ಮುಂದಿನ ಸ್ಕ್ಯಾನ್ ಯಾವಾಗ ಬೇಕು ಎಂಬುದನ್ನು ವಾರ್ಡಿನ ವೈದ್ಯರು ಆ ಸಾಲನ್ನು ನೋಡಿಯೇ ತೀರ್ಮಾನಿಸುತ್ತಾರೆ.